ಹೋಳಿಗೆ ತಿಂದವನಿಗೆ ಗುಳಿಗೆ ಬಂದ್

ಹೋಳಿಗೆ ತಿಂದ ಎಂಬ ಕಾರಣಕ್ಕೆ ಯಾರಿಗಾದರೂ ಔಷಧ ನಿಲ್ಲಿಸಿದ್ದನ್ನು ಕಂಡಿದ್ದೀರಾ? ನಾನು ಕಂಡೆ. ಹೋದ ತಿಂಗಳು, ಘೋಡಗೇರಿಯಲ್ಲಿ, ನಮ್ಮ ಚಿಗವ್ವನ ಮನೆಯಲ್ಲಿ.

ಚಿಗವ್ವನ ಮಗ ಈರಪ್ಪ. ಯಾರೂ ಇಲ್ಲದ ಕಡೆಯಿಂದ ಅವನಿಗೆ ದನಿ ಕೇಳಿಸುತ್ತಿತ್ತು. ‘ನೀರಾಗ ವಿಷ ಐತಿ’ ಎಂದು ತುಂಬಿದ ಕೊಡ ಚೆಲ್ಲಿಬಿಡುತ್ತಿದ್ದ. ತಾಯತ ಕಟ್ಟಿಸಿದರು, ಹರಕೆ ಹೊತ್ತರು. ಮೂಡಲಗಿಯ ಸೋದರಮಾವ ಮದುವೆ ಮಾಡಿಬಿಡಿ ಎಂದರು. (ಹುಡುಗಿ ಎಂದರೆ ಕಷಾಯವೇ?) ಕೊನೆಗೆ ನಾನೇ ತಾಯಿ-ಮಗನನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಮೊದಲು ಕರೆಂಟ್ ಶಾಕ್, ಆಮೇಲೆ ಈಗ ಹೊಸದಾಗಿ ಬಂದಿರುವ ಗುಳಿಗೆ. ಮಂಪರು ಬರುತ್ತಿತ್ತು, ಕೈ ನಡುಗುತ್ತಿತ್ತು, ನಿಜ. ಆದರೆ ದನಿ ಕಡಿಮೆಯಾಯಿತು. ಈರಪ್ಪ ಕಬ್ಬು ಕಡಿಯಲು ಹೋಗತೊಡಗಿದ.

ಹೋದ ತಿಂಗಳು ನೋಡಿದರೆ ಮತ್ತೆ ಮೂಲೆ ಹಿಡಿದು ಕುಳಿತಿದ್ದಾನೆ. ಕೊಟ್ಟ ಚಹಾ ಮೂಸಿ ಕೆಳಗಿಟ್ಟ. ನಾನು ನೇರ ಅಡುಗೆಮನೆಗೆ ಹೋದೆ.

“ಚಿಗವ್ವ, ಗುಳಿಗಿ ಕೊಡಾಕತ್ತೀ ಇಲ್ಲೋ?”

“ಹೆಂಗ ಕೊಡ್ಲೋ ತಮ್ಮಾ? ಅವನ ತಂಗಿ ಬಸರಿ, ಅಕಿ ಕುಬಸದಾಗ ಹೋಳಿಗಿ ತಿಂದಾನ. ಪಥ್ಯ ಮುರದೈತಿ. ಈಗ ಗುಳಿಗಿ ಕೊಟ್ರ ವಿಷ ಆಗೂದಿಲ್ಲೇನು?”

“ಪಥ್ಯ ಯಾರ ಹೇಳಿದ್ರು?”

“ಯಾರ ಹೇಳಬೇಕು? ಪಥ್ಯ ಇಲ್ಲದ ಔಷಧ ಎಲ್ಲೈತಿ?”

ಏನು ಬೇಕಾದರೂ ತಿನ್ನಲಿ, ನಾವು ಹೇಳುವ ತನಕ ಗುಳಿಗೆ ಬಿಡಬಾರದು, ಡಾಕ್ಟರು ಹೇಳಿದ್ದು ಇಷ್ಟೇ. ಚಿಗವ್ವ ಅಲ್ಲಿ ತಲೆಯಾಡಿಸಿ, ಮನೆಗೆ ಬಂದು ಉಪ್ಪು, ಎಣ್ಣೆ, ಬದನೆಕಾಯಿ ಎಲ್ಲ ಬಿಡಿಸಿದ್ದಳು. ಮಗನ ಜೊತೆ ತಾನೂ ಉಪ್ಪಿಲ್ಲದ ಸಾರು ಉಂಡಳಂತೆ. ಇಂಥವಳನ್ನು ಬೈಯುವುದಾದರೂ ಹೇಗೆ? ಆದರೂ ಬೈದೆ. ನೀರಿನಲ್ಲಿ ವಿಷವಿದೆ ಎಂದು ಮಗ ಹೇಳಿದರೆ ಕಾಯಿಲೆ, ಗುಳಿಗೆ ವಿಷವಾಗುತ್ತದೆ ಎಂದು ತಾಯಿ ಹೇಳಿದರೆ ಪಥ್ಯ. ಇದೆಂಥ ನ್ಯಾಯ?

ಮರುದಿನವೇ ಮತ್ತೆ ಧಾರವಾಡ. ‘ಮಗ ಹೋಳಿಗೆ ತಿನ್ನಲಿ ಬಿಡಿ, ತಾಯಿ’ ಎಂದು ಡಾಕ್ಟರು ಚಿಗವ್ವನಿಗೇ ಬಿಡಿಸಿ ಹೇಳಿದರು, ಗುಳಿಗೆ ಮತ್ತೆ ಶುರು ಮಾಡಿಸಿದರು. ಹೊರಗೆ ಬಂದವಳು ನನ್ನ ಕಿವಿಯಲ್ಲಿ, “ಮನಷ್ಯಾ ಚಲೋ ಅದಾನ. ಆದ್ರ ಪಥ್ಯಾನ ಗೊತ್ತಿಲ್ಲ ನೋಡು” ಎಂದಳು. ನಾನು ಬಸ್ ಹತ್ತಿ ಕಣ್ಣು ಮುಚ್ಚಿಕೊಂಡೆ.

ಮೊನ್ನೆ ಹುಕ್ಕೇರಿ ಸಂತೆಯಲ್ಲಿ ಈರಪ್ಪ ಸಿಕ್ಕ. ಚಹಾ ಮೂಸದೆ ಕುಡಿದ. (ನನಗೆ ಇದೇ ದೊಡ್ಡ ಸುದ್ದಿ.) ಲೋಟ ಇಟ್ಟು ಮೆಲ್ಲಗೆ ಹೇಳಿದ:

“ಯಣ್ಣಾ, ಇನ್ನ ಹೋಳಿಗಿ ಕದ್ದ ತಿಂತೇನಿ. ಅವ್ವಗ ಗೊತ್ತಾದ್ರ ಗುಳಿಗಿ ಬಂದ್ ಮಾಡತಾಳ.”

ಆ ಮನೆಯಲ್ಲಿ ಡಾಕ್ಟರ ಮಾತು ಸರಿಯಾಗಿ ತಿಳಿದವನು ಅವನೊಬ್ಬನೇ. ಊರು ಹುಚ್ಚ ಎನ್ನುವುದೂ ಅವನನ್ನೇ.