ಹೋಗಬಹುದು ಎಂದ ಮೇಷ್ಟ್ರು

ಮೇಷ್ಟ್ರ ಬಿಳಿ ಅಂಗಿಯ ಎರಡೂ ಹೆಗಲ ಮೇಲೆ ಖಾಕಿ ಬಣ್ಣದ ಪಟ್ಟೆಗಳಿರುತ್ತಿದ್ದವು. ಬೆನ್ನಿಗೆ ಹಾಕುವ ಚೀಲ ಬೆವರಿಗೆ ಬಣ್ಣ ಬಿಟ್ಟು ಅಂಟಿದ್ದು, ಎಷ್ಟು ಒಗೆದರೂ ಹೋಗದು. ಹೊಸೂರಿನ ನಮ್ಮ ಕನ್ನಡ ಶಾಲೆಯಲ್ಲಿ ಅವರು ಸಮಾಜ ಪಾಠ ಹೇಳುತ್ತಿದ್ದರು, ನಾನು ಗಣಿತ. ರಾಯಕೋಟೆಯಿಂದ ಇಬ್ಬರಿಗೂ ದಿನಾ ಒಂದೇ ಬಸ್ಸು. ಅವರಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಬೇಸಿಗೆ ರಜೆ ಬಂತೆಂದರೆ ಚೀಲ ಹೆಗಲೇರುತ್ತಿತ್ತು. "ಭೂಪಟ ಗೋಡೇಲಿ ತೂಗಾಕಕ್ಕಲ್ಲ ಕಣಮ್ಮ, ನಡೆಯಕ್ಕೆ" ಎನ್ನುತ್ತಿದ್ದರು. ನಡೆಯೋಕೆ ಕಾಲಿದೆ, ಹಾಕೋಕೆ ಒಂದು ನೆಟ್ಟಗಿನ ಅಂಗಿಯಿಲ್ಲ ಎಂದು ನಾನು ಛೇಡಿಸಿದರೆ ನಗುತ್ತಿದ್ದರು.

ಆ ಚೀಲ ಹೊಲಿದುಕೊಟ್ಟವನು ರಾಯಕೋಟೆ ಸಂತೆಯಲ್ಲಿ ಮಿಷನ್ ಇಟ್ಟುಕೊಂಡು ಕೂರುತ್ತಿದ್ದ ದರ್ಜಿ. ಶ್ರೀಲಂಕಾದ ಯುದ್ಧಕ್ಕೆ ಹೆದರಿ ಓಡಿಬಂದು, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಕೃಷ್ಣಗಿರಿ ಕಡೆಯ ನಿರಾಶ್ರಿತರ ಶಿಬಿರದಲ್ಲಿದ್ದ. ಅಲ್ಲಿ ಕದನವಿರಾಮವಾಗಿದೆ ಎಂದು ಪೇಪರಿನಲ್ಲಿ ಬಂದಾಗ ಮೇಷ್ಟ್ರು ಲಂಕೆಗೇ ಹೊರಟುನಿಂತರು. ಗುಂಡಿಗೆ ಎದೆಯೊಡ್ಡಲು ಹೋಗುತ್ತೀರಾ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೈದೆವು. ದರ್ಜಿ ಮಾತ್ರ ತನ್ನ ಹಳ್ಳಿಯ ಹೆಸರು ಬರೆದುಕೊಟ್ಟು, ಮನೆ ನಿಂತಿದೆಯೋ ನೋಡಿ ಬನ್ನಿ ಎಂದ.

ಒಂದು ತಿಂಗಳಾದ ಮೇಲೆ ಬಂದರು, ಕಪ್ಪಗಾಗಿ, ಮೈ ತುಂಬಿಕೊಂಡು. ಲಾಡ್ಜಿನಲ್ಲಿ ಮಲಗಿದ್ದು ಎರಡೇ ದಿನವಂತೆ, ಉಳಿದದ್ದೆಲ್ಲ ಗುರುತಿಲ್ಲದವರ ಜಗಲಿಯಲ್ಲಿ. ಸಿಂಹಳೀಯ ಕಂಡಕ್ಟರೊಬ್ಬ ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟನಂತೆ. ತಪಾಸಣೆಗೆ ನಿಂತ ಸಿಪಾಯಿ ಚೀಲ ಬಿಚ್ಚಿಸಿ ನೋಡಿ, ಆಮೇಲೆ ಟೀ ತರಿಸಿದನಂತೆ. ದರ್ಜಿಯ ಮನೆಗೆ ಸೂರಿರಲಿಲ್ಲ. ಗೋಡೆಯಿತ್ತು, ಬಾವಿಯಲ್ಲಿ ನೀರಿತ್ತು. ಫೋಟೋ ತೆಗೆದು, ಆ ನೀರು ಕುಡಿದು ಬಂದಿದ್ದರು.

ಮುಂದಿನ ಸಂತೆಗೆ ದರ್ಜಿ ಹೆಂಡತಿಯನ್ನೂ ಕರೆತಂದ. ಆಕೆ ಫೋಟೋ ಹಿಡಿದುಕೊಂಡು, ಮಕ್ಕಳೊಂದಿಗೆ ವಾಪಸು ಹೋಗಬಹುದೇ ಎಂದು ತಮಿಳಿನಲ್ಲಿ ಕೇಳಿದಳು. ನಮ್ಮ ಕಡೆ ಹೆಣ್ಣು ಕೊಡುವುದಿರಲಿ, ಬೋರ್ ಕೊರೆಸುವುದಿರಲಿ, ಮೇಷ್ಟ್ರನ್ನು ಒಂದು ಮಾತು ಕೇಳುತ್ತಾರೆ. ಕೇಳಿದ್ದಕ್ಕೆ ಗೊತ್ತಿಲ್ಲ ಎಂದ ಮೇಷ್ಟ್ರನ್ನು ನಾನಿನ್ನೂ ಕಂಡಿಲ್ಲ. ಹೋಗಬಹುದು, ಭಯವಿಲ್ಲ ಎಂದು ಇವರೂ ಹೇಳಿಬಿಟ್ಟರು. ಪಕ್ಕದಲ್ಲಿದ್ದ ನಾನೂ ಹೂಂಗುಟ್ಟಿದೆ. ಲಂಕೆಯ ಬಗ್ಗೆ ನನಗೇನು ಗೊತ್ತಿತ್ತು?

ದರ್ಜಿ ಸಂಸಾರ ಸಮೇತ ಹೋದ. ಮೂರು ಪತ್ರ ಬಂದವು: ಸೂರು ಹಾಕಿಸಿದ್ದು, ದೊಡ್ಡವಳು ಶಾಲೆಗೆ ಸೇರಿದ್ದು, ಬಾವಿಯಲ್ಲಿ ಹೂಳು ತೆಗೆಸಿದ್ದು. ಆಮೇಲೆ ಯುದ್ಧ ಮತ್ತೆ ಶುರುವಾಯಿತು, ಪತ್ರ ನಿಂತಿತು. ಮೇಷ್ಟ್ರು ಪ್ರತಿ ಭಾನುವಾರ ಶಿಬಿರಕ್ಕೆ ಹೋಗಿ, ಹೊಸದಾಗಿ ದೋಣಿ ಹತ್ತಿ ಬಂದವರನ್ನೆಲ್ಲ ಆ ಹಳ್ಳಿಯ ಹೆಸರು ಹೇಳಿ ವಿಚಾರಿಸತೊಡಗಿದರು. ರಜೆಯಲ್ಲಿ ಎಲ್ಲಿಗೂ ಹೊರಡಲಿಲ್ಲ. ಮಕ್ಕಳು ಲಂಕೆಯ ಕತೆ ಕೇಳಿದರೆ ಪಾಠದ ಪುಟ ತಿರುಗಿಸುತ್ತಿದ್ದರು. ಯುದ್ಧ ಹೂಡಿದವರು ಹಾಯಾಗಿರುವಾಗ ಇವರೇಕೆ ಹೀಗೆ ಕೊರಗಬೇಕೆಂದು ನನಗೆ ಸಿಟ್ಟು ಬರುತ್ತಿತ್ತು. ಸಂಕಟವೂ ಆಗುತ್ತಿತ್ತು.

ಕಿಡ್ನಿ ಕೆಟ್ಟು ಅವರು ಆಸ್ಪತ್ರೆ ಸೇರಿದಾಗ ನೋಡಲು ಹೋದೆ. ನೀವೇನು ಸುಳ್ಳು ಹೇಳಲಿಲ್ಲವಲ್ಲ ಮೇಷ್ಟ್ರೇ, ಕಂಡದ್ದನ್ನೇ ಹೇಳಿದಿರಿ ಎಂದೆ.

"ಕಂಡಿದ್ದು ನಿಜ ಕಣಮ್ಮ. ಅಷ್ಟೊಳ್ಳೆ ಜನಾನ ನಾನೆಲ್ಲೂ ನೋಡಿಲ್ಲ. ಆದ್ರೆ ನಾನು ವಾಪಸ್ ಬರಕ್ಕೆ ಟಿಕೇಟು ಜೇಬಲ್ಲಿ ಇಟ್ಕಂಡು ನೋಡ್ದೋನು. ಅವ್ರು ಇರಕ್ಕೋಗೋರು. ಹೋಗ್ಬೋದು ಅಂದ್ಬುಟ್ನಲ್ಲ."

ಬುಧವಾರ ತೀರಿಕೊಂಡರು. ಆ ಭಾನುವಾರ ನಾನು ಕೃಷ್ಣಗಿರಿಯ ಬಸ್ಸು ಹತ್ತಿದೆ. ಶಿಬಿರದ ನಲ್ಲಿಯ ಹತ್ತಿರ ಕೂತಿದ್ದ ಮುದುಕಿಗೆ ಹಳ್ಳಿಯ ಹೆಸರು ಹೇಳಿ, ಅಲ್ಲಿಂದ ಯಾರಾದರೂ ಬಂದರೇ ಎಂದೆ. ಆಕೆ ಇಲ್ಲವೆಂದು ತಲೆಯಾಡಿಸಿ, ಮೇಷ್ಟ್ರು ಯಾಕೆ ಬರಲಿಲ್ಲ ಎಂದು ಕೇಳಿದಳು.