ಇಂಜಿನಿಯರ್ ಆಂಟಿಯ ಸಿಟ್ಟು

ಸೀರೆಯನ್ನು ಕಣಕಾಲಿನಿಂದ ಮೇಲಕ್ಕೆತ್ತಿ ಪಿನ್ನು ಹಾಕಿ, ಗಂಡಸರ ಕಪ್ಪು ಶೂ ತೊಟ್ಟು ಅವರು ಬೆಳಿಗ್ಗೆ ಹೊರಟರೆ ಬೀದಿಯ ಹೆಂಗಸರು ಗುಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ತೊಂಬತ್ತರ ದಶಕದ ನಂಜನಗೂಡು. ನಮ್ಮ ಮನೆಯ ಮುಂಭಾಗದಲ್ಲಿ ಗಂಡ, ಮಗನೊಂದಿಗೆ ಬಾಡಿಗೆಗಿದ್ದರು. ಕುಡಿಯುವ ನೀರಿನ ಕೆಲಸ ನೋಡುವ ಕಚೇರಿಯೊಂದರಲ್ಲಿ ಜೂನಿಯರ್ ಇಂಜಿನಿಯರ್. ನನಗೆ ಇಂಜಿನಿಯರ್ ಆಂಟಿ.

ಶೂ ಇದ್ದರೂ ಅವರನ್ನು ಸೈಟಿಗೆ ಕಳಿಸುತ್ತಿರಲಿಲ್ಲ. "ಬಿಸಿಲು ಮೇಡಂ, ನಿಮಗ್ಯಾಕೆ" ಎಂದು ಮೇಲಿನವರು ಎಸ್ಟಿಮೇಟು ಬರೆಯಲು ಕೂರಿಸುತ್ತಿದ್ದರು. ಆಂಟಿ ಊಟದ ಬಿಡುವಿನಲ್ಲಿ ತಾವೇ ನಡೆದುಹೋಗಿ ಪೈಪು ಹಾಕುವುದನ್ನು ನೋಡಿ ಬರುತ್ತಿದ್ದರು. ಒಂದು ಸಂಜೆ ಜಗಲಿಯಲ್ಲಿ ಕೂತು, "ನಾನು ಕೆಲಸ ಕಲಿಸಿದ ಹುಡುಗ ಇವತ್ತು ನನ್ನ ಮೇಲಿನ ಸೀಟಿಗೆ ಬಂದ ಕಣ್ರೀ" ಎಂದಷ್ಟೇ ಅಮ್ಮನಿಗೆ ಹೇಳಿ, ಕಾಫಿ ಲೋಟ ಕೆಳಗಿಟ್ಟರು.

ಪಿಯುಸಿ ಮುಗಿದು ನನಗೆ ಮೈಸೂರಿನಲ್ಲಿ ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್ ಸೀಟು ಸಿಕ್ಕಿತು. ನೀರು, ಕೊಳಚೆಯ ಬಗ್ಗೆ ಅಂಥದೊಂದು ಓದು ಇದೆ ಎಂದು ಹೇಳಿಕೊಟ್ಟವರೇ ಆಂಟಿ. ಅಪ್ಪನಿಗೆ ನಾನು ಡಿಗ್ರಿ ಮುಗಿಸಿ ಬಿ.ಎಡ್. ಮಾಡಿದರೆ ಸಾಕಿತ್ತು. ಮೂಗೂರಿನಿಂದ ಸೋದರಮಾವ ಬಂದು, ಕಪಿಲೆಯಲ್ಲಿ ಮಿಂದು, ಒದ್ದೆ ಟವೆಲ್ಲು ಹೆಗಲ ಮೇಲಿರುವಾಗಲೇ ಪಂಚಾಯಿತಿಗೆ ಕೂತರು.

"ಅದೇನ್ ಓದು ಭಾವ? ಮೋರಿ ನೀರು ಓದಿರ ಎಣ್ಣ ಯಾರ್ ಮದ್ವೆ ಆದಾರು?"

ಬಾಗಿಲಲ್ಲಿ ನಿಂತಿದ್ದ ಆಂಟಿ ಕೇಳಿದರು: "ಈಗ ಮಿಂದು ಬಂದ್ರಲ್ಲ, ಆ ನೀರಿಗೆ ಮೇಲ್ಗಡೆ ಎಷ್ಟು ಮೋರಿ ಸೇರ್ತವೆ ಗೊತ್ತಾ ನಿಮ್ಗೆ?"

ಮಾವ ಟವೆಲ್ಲು ತೆಗೆದು ಪಕ್ಕಕ್ಕಿಟ್ಟರು. "ಅದ ನೋಡ್ಕೊಳಕ್ಕೆ ಗಂಡಸ್ರವ್ರೆ, ಬುಡಿ ಮೇಡಂ."

"ಅವ್ರು ನೋಡ್ಕೊಂಡಿದ್ದಕ್ಕೇ ಹೀಗಿದೆ."

ಅಪ್ಪ ಕೊನೆಗೆ ಒಪ್ಪಿದ್ದು ಈ ಮಾತಿಗಲ್ಲ. ದಿನಾ ಬಸ್ಸಿನಲ್ಲಿ ಹೋಗಿಬರಬಹುದು, ಹಾಸ್ಟೆಲ್ಲು ಬೇಕಿಲ್ಲ ಎಂಬುದಕ್ಕೆ. ನನಗೆ ಮೈಯೆಲ್ಲ ಉರಿಯಿತು. "ಕಾರಣ ಯಾವ್ದಾದ್ರೂ ಆಗ್ಲಿ, ಮೊದ್ಲು ಸೇರ್ಕೊ. ಜಗಳ ಆಮೇಲೆ ಆಡು" ಎಂದರು ಆಂಟಿ. ಮೊದಲ ವರ್ಷ ನಾನು ಡ್ರಾಯಿಂಗಿನಲ್ಲಿ ಫೇಲಾದಾಗ ಭಾನುವಾರಗಳನ್ನೆಲ್ಲ ಹೇಳಿಕೊಡುತ್ತ ನನ್ನ ಪಕ್ಕದಲ್ಲೇ ಕಳೆದರು.

ಆಮೇಲೆ ಅವರಿಗೆ ತಿ. ನರಸೀಪುರಕ್ಕೆ ವರ್ಗವಾಯಿತು. ಅಲ್ಲೂ ಅದೇ ಎಸ್ಟಿಮೇಟು. ನೋಡಲು ಹೋದಾಗ, ಬೇಜಾರಾಗಲ್ವಾ ಎಂದು ಕೇಳಿದೆ.

"ಬೇಜಾರಲ್ಲ ಕಣೆ, ಸಿಟ್ಟು. ಬೇಜಾರಾಗಿದ್ರೆ ಎಂದೋ ಮನೇಲಿ ಕೂತಿರ್ತಿದ್ದೆ."

ನಿವೃತ್ತರಾಗಿ ಹೆಚ್ಚು ಕಾಲ ಬದುಕಲಿಲ್ಲ. ಪತ್ರಿಕೆಯ ನಿಧನ ವಾರ್ತೆಯಲ್ಲಿ ಅವರು ಯಾರ ಪತ್ನಿ, ಯಾರ ತಾಯಿ ಎಂದಿತ್ತು. ಇಂಜಿನಿಯರ್ ಎಂಬ ಮಾತೇ ಇರಲಿಲ್ಲ. ತಿಥಿಯ ದಿನ ಮಗನನ್ನು ಕೇಳಿದೆ. "ಹೊಳೀಲೇ ಇಲ್ಲ ಅಕ್ಕ" ಎಂದ. ಪಾಪ, ಸುಳ್ಳು ಹೇಳುತ್ತಿರಲಿಲ್ಲ.

ಆ ವೇಳೆಗೆ ನಾನು ಕೊಳಚೆ ನೀರು ಶುದ್ಧಮಾಡುವ ಘಟಕವೊಂದರಲ್ಲಿ ಇಂಜಿನಿಯರ್. ಹೆಣ್ಣುಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಹೆಡತಲೆ ಎಂಬ ಹಳ್ಳಿಯ ಶಾಲೆಗೆ ಕರೆದರು. ನಮ್ಮ ಮನೆಯಲ್ಲಿ ಇಂಜಿನಿಯರೊಬ್ಬರು ಬಾಡಿಗೆಗಿದ್ದರು, ನನ್ನನ್ನು ಓದಿಸಿದ್ದೇ ಅವರು ಎಂದು ಶುರುಮಾಡಿದೆ. ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು.

"ಅವ್ರ ಎಂಡ್ತಿ ಏನ್ ಮಾಡ್ತಿದ್ರು ಮಿಸ್?"

ಒಂದು ಲೋಟ ನೀರು ಕುಡಿದು, ಮತ್ತೆ ಮೊದಲಿನಿಂದ ಹೇಳಿದೆ.