ಪುಲ್ಲಿಯ ಉಸಿರು, ಅಟ್ಟದ ಮೇಲಿನ ಸೈರನ್

ತಕ್ಕಡಿಗೆ ಏರದ್ದನ್ನು ನಾನು ನಂಬಿದವನಲ್ಲ. ಯಾರಾದರೂ ದೆವ್ವದ ಮಾತು ತೆಗೆದರೆ, 'ಇದ್ರೆ ಕರ್ಕೊಂಬನ್ನಿ, ರಾತ್ರಿ ಪಾಳಿಗೆ ಹಾಕ್ಕೋತೀನಿ' ಎಂದು ರೇಗಿಸುತ್ತಿದ್ದೆ. ಆದರೆ ಎಂಬತ್ತರ ದಶಕದಲ್ಲಿ, ಪೀಣ್ಯದ ನನ್ನ ಲೇತ್ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ನಡೆದದ್ದು ಇಂದಿಗೂ ನನ್ನ ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ನಡೆದಷ್ಟನ್ನೇ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಪುಲ್ಲಿ ನಮ್ಮ ಶೆಡ್ಡಿನ ನಾಯಿ. ಎದುರು ಫ್ಯಾಕ್ಟರಿಯ ಸೈರನ್ ಕೂಗಿದರೆ ಸಾಕು, ಎಂಥ ನಿದ್ದೆಯಲ್ಲಿದ್ದರೂ ಕಿವಿ ನಿಮಿರಿಸಿ ಎದ್ದು, ಮೂತಿ ಎತ್ತಿ ಜೊತೆಗೆ ಊಳಿಡುತ್ತಿದ್ದಳು. ಆಮೇಲೆ ಆ ಫ್ಯಾಕ್ಟರಿ ಮುಚ್ಚಿಹೋಯಿತು. ಸಾಮಾನು ಮಾರುವಾಗ ನಾನೂ ಹೋಗಿ, ಒಂದು ಡ್ರಿಲ್ಲಿಂಗ್ ಮೆಷಿನ್ನಿಗೆ ಚೌಕಾಸಿ ಮಾಡಿ, ಕೊಸರು ಅಂತ ಆ ಸೈರನ್ನನ್ನೂ ಹೊತ್ತು ತಂದೆ. ವೈರು ಕತ್ತರಿಸಿದ ಆ ಸೈರನ್ ನಮ್ಮ ಅಟ್ಟದ ಮೇಲೆ ಗೋಣಿಚೀಲದಡಿ ಬಿದ್ದಿತ್ತು.

ಒಮ್ಮೆ ಲೇತಿನಿಂದ ಬಿದ್ದ ಉಕ್ಕಿನ ಸುರುಳಿಯೊಂದು ಪುಲ್ಲಿಯ ತೊಡೆಯೊಳಗೆ ಹೊಕ್ಕು ಕೀವಾಯಿತು. ನಡೆಯಲಾರಳು, ಮುಟ್ಟಿದರೆ ಚೀರುವಳು. ಪಶುವೈದ್ಯರೇ ಶೆಡ್ಡಿಗೆ ಬಂದರು. ನೋಡಿದವರೇ, "ಇವತ್ತೇ ತೆಗೀದಿದ್ರೆ ಮೈಗೆಲ್ಲ ನಂಜು ಏರುತ್ತೆ. ಊಟ ಏನಾದ್ರೂ ಹಾಕಿದ್ದೀರಾ?" ಎಂದರು. ಪುಣ್ಯಕ್ಕೆ ಹಾಕಿರಲಿಲ್ಲ. ನಾಯಿ ಸಾಕಿದವರು ಕೇಳಿಕೊಳ್ಳಿ: ಅರಿವಳಿಕೆ ಕೊಡುವಾಗ ಹೊಟ್ಟೆ ತುಂಬಿದ್ದು, ವಾಂತಿ ಶ್ವಾಸನಾಳಕ್ಕೆ ನುಗ್ಗಿದರೆ ಕಥೆ ಮುಗಿಯಿತು.

ಅಂದು ಕರೆಂಟಿಗೆ ವಾರದ ರಜೆ, ಇಡೀ ಏರಿಯಾಕ್ಕೇ ಆ ದಿನ ವಿದ್ಯುತ್ ಬಿಡುತ್ತಿರಲಿಲ್ಲ. ಮೆಷಿನ್ನುಗಳೆಲ್ಲ ಸುಮ್ಮನಿದ್ದವು. ಗುಜರಿ ತೂಗುವ ತಕ್ಕಡಿಯಲ್ಲೇ ಪುಲ್ಲಿಯನ್ನು ತೂಗಿದೆವು. ಡಾಕ್ಟರು ತೂಕಕ್ಕೆ ಲೆಕ್ಕ ಹಾಕಿ ಸಿರಿಂಜಿಗೆ ನೋವಿನ ಔಷಧಿ ಎಳೆದುಕೊಂಡರು. ಅದು ನನ್ನ ಕಣ್ಣಿಗೆ ತೀರಾ ಕಮ್ಮಿ ಅನ್ನಿಸಿತು.

"ಇನ್ನೊಂದು ಸ್ವಲ್ಪ ಹಾಕಿ ಡಾಕ್ಟ್ರೇ, ಅದಕ್ಕೆ ನೋವೇ ಗೊತ್ತಾಗ್ಬಾರ್ದು."

"ಕೊಸರು ಕೇಳೋಕೆ ಇದೇನು ಸೊಪ್ಪಿನ ಅಂಗಡೀನಾ? ಇದು ಅಫೀಮಿನ ಜಾತಿ ಔಷಧಿ ಕಣ್ರೀ. ಜಾಸ್ತಿಯಾದ್ರೆ ನೋವಿನ ಜೊತೆ ಉಸಿರನ್ನೂ ಕರ್ಕೊಂಡು ಹೋಗುತ್ತೆ. ನೀವು ಬೇರೆ ಎಲ್ಲೂ ನೋಡ್ಬೇಡಿ, ಇದರ ಎದೆ ನೋಡ್ತಾ ಇರಿ."

ಆಮೇಲೆ ನಿದ್ದೆಯ ಮದ್ದನ್ನು ರಕ್ತನಾಳಕ್ಕೆ ಇಷ್ಟಿಷ್ಟೇ ಬಿಟ್ಟರು. ನಮ್ಮ ಆಪರೇಟರ್ ರಾಜು ಕಾಲು ಹಿಡಿದ. ನಾನು ಪುಲ್ಲಿಯ ನಾಲಿಗೆ ಹೊರಗೆಳೆದು ಹಿಡಿದು, ಎದೆ ಏರುವುದನ್ನೇ ನೋಡುತ್ತ ಕೂತೆ. ಸುರುಳಿ ಈಚೆ ಬಂತು. ಅಬ್ಬಾ ಎನ್ನುವಷ್ಟರಲ್ಲಿ, ಇಳಿದ ಎದೆ ಮೇಲೇಳಲೇ ಇಲ್ಲ!

"ಡಾಕ್ಟ್ರೇ, ನಿಂತೋಯ್ತು!"

ಅವರು ಕತ್ತರಿ ಬಿಸುಟು, ಕುತ್ತಿಗೆ ನೇರ ಮಾಡಿ, ಪಕ್ಕೆ ಒತ್ತತೊಡಗಿದರು. ಒಸಡು ಬೂದಿಯ ಬಣ್ಣಕ್ಕೆ ತಿರುಗಿತು. "ಪುಲ್ಲೀ, ಏಳೇ, ಏಳೇ ತಾಯಿ" ಎಂದು ರಾಜು ಅಳುತ್ತಲೇ ಇದ್ದ.

ಆಗ ಸೈರನ್ ಕೂಗಿತು. ಹಳೆಯದೇ ದನಿ, ತಗ್ಗಿನಿಂದೆದ್ದು ತಗಡಿನ ಸೂರನ್ನೇ ನಡುಗಿಸುವಷ್ಟು ಏರಿತು. ಅರಿವಿಲ್ಲದೆ ಮಲಗಿದ್ದ ಪುಲ್ಲಿಯ ಕಿವಿಗಳು ನಿಮಿರಿದವು. ಎದೆ ಒಮ್ಮೆ ಜಿಗಿಯಿತು. ಮತ್ತೊಮ್ಮೆ. ಉಸಿರು ಬಂತು!

"ಒಳ್ಳೇ ಟೈಮಿಗೆ ಕೂಗ್ತು ನೋಡಿ ನಿಮ್ಮ ಎದುರು ಫ್ಯಾಕ್ಟರಿ ಸೈರನ್ನು," ಎಂದು ಡಾಕ್ಟರು ಬೆವರು ಒರೆಸಿಕೊಂಡರು. ಅದು ಮುಚ್ಚಿದ್ದು ಅವರಿಗೆ ಗೊತ್ತಿರಲಿಲ್ಲ. ರಾಜು ನನ್ನ ಮುಖ ನೋಡಿದ. ನಾನು ಏಣಿ ಹಾಕಿ ಅಟ್ಟ ಹತ್ತಿದೆ. ಗೋಣಿಚೀಲ ಹಾಕಿದಂತೆಯೇ ಇತ್ತು. ಎತ್ತಿದರೆ, ಸೈರನ್ನಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಒಂದು ಎಳೆಯೂ ಹರಿದಿರಲಿಲ್ಲ.

ಪಕ್ಕದ ಟೀ ಅಂಗಡಿಯ ಅಕ್ಕನನ್ನು ಕೇಳಿದೆ. "ಕರೆಂಟೇ ಇಲ್ವಲ್ಲ ಸಾರ್, ಎಲ್ಲಿಂದ ಕೂಗುತ್ತೆ ಸೈರನ್ನು?" ಎಂದು ನಕ್ಕಳು.

ಎದೆ ಒತ್ತಿದ್ದಕ್ಕೆ ಉಸಿರು ಬಂತು ಎನ್ನಿ, ಒಪ್ಪುತ್ತೇನೆ. ಆದರೆ ಮೂವರೂ ಕೇಳಿದ ಆ ದನಿ? ಪುಲ್ಲಿ ಮತ್ತೆ ಬಹಳ ಕಾಲ ಬದುಕಿದಳು. ಆ ಸೈರನ್ನಿಗೆ ಗಿರಾಕಿಗಳು ಬಂದರು, ಒಬ್ಬನಂತೂ ನಾನು ಬಾಯಿ ಬಿಡುವ ಮೊದಲೇ ಒಳ್ಳೆಯ ರೇಟು ಹೇಳಿದ. ಯಾವ ವ್ಯಾಪಾರವನ್ನೂ ಕೈಬಿಡದ ನಾನು, ಕೊಸರಿಗೆ ಬಂದ ಆ ಒಂದು ವಸ್ತುವನ್ನು ಮಾತ್ರ ಕೊಡಲಿಲ್ಲ. ಯಾಕೆ ಎಂದು ಅವನು ಕೇಳಿದ. ನಾನು ಅಟ್ಟ ಹತ್ತಿ, ಸೈರನ್ನಿನ ಮೇಲೆ ಗೋಣಿಚೀಲವನ್ನು ಸರಿಯಾಗಿ ಹೊದಿಸಿ ಇಳಿದೆ.